ಮೂವರ ಮೇಳದಲ್ಲಿ ಮಹಾಕಾವ್ಯ

ಶ್ರಾವಣಮಾಸ ಬಂದಿತೆಂದರೆ ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಗಂಗಾವತಿ ಸೀಮೆಯ ಊರೂರಿನ ಮಠಗಳಲ್ಲಿ ಪುರಾಣ ಹಚ್ಚುವುದು ಬಹುಕಾಲದ ರೂಢಿ. ಬೇವೂರಿನಂಥ ಊರಿನಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದ ಜನ ರಾತ್ರಿ ಉಂಡು ಮಠದ ಅಂಗಳಕ್ಕೆ ಬಂದು ಕೂಡುತ್ತಾರೆ. ಗದ್ದುಗೆಯ ಮುಂದೆ ಹಾಸಿದ ಜಮಖಾನೆಯ ಮೇಲೆ ಮೂವರು ಕುಳಿತಿರುತ್ತಾರೆ. ಒಬ್ಬರು ಪ್ರವಚನಕಾರರು, ಇನ್ನೊಬ್ಬರು ಪೇಟಿ ಹಿಡಿದ ಗವಾಯಿಗಳು, ಮತ್ತೊಬ್ಬರು ತಬಲಾ ಸಾಥಿದಾರರು. ಗವಾಯಿಗಳು ಒಂದು ಪದ್ಯವನ್ನು ಹಾಡುತ್ತಾರೆ. ಪ್ರವಚನಕಾರರು ಅದರ ಅರ್ಥವನ್ನು ಬಿಡಿಸುತ್ತಾರೆ. ಅರ್ಥ ಮನಕ್ಕಿಳಿದ ಮೇಲೆ ಅದಕ್ಕೊಪ್ಪುವ ಒಂದು ವಚನ ಕೇಳಿಬರುತ್ತದೆ. ಹೀಗೆ ತಿಂಗಳು ತುಂಬುವಷ್ಟರಲ್ಲಿ ಸಾವಿರ ಪದ್ಯಗಳ ಒಂದು ಕಾವ್ಯ, ಅದನ್ನು ಓದಲು ಬಾರದವರ ಮನೆಯನ್ನೂ ಹೊಕ್ಕಿರುತ್ತದೆ.

ಈ ದೃಶ್ಯ ಎಷ್ಟು ಪರಿಚಿತವೆಂದರೆ ಅದರ ಹಿಂದಿರುವ ಕಲೆಯನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಕವಿಯು ತಾನು ರಚಿಸಿದ ಕಾವ್ಯವನ್ನು ಪೇಟಿಗಾಗಲಿ ತಬಲಾಕ್ಕಾಗಲಿ ಬರೆದವನಲ್ಲ. ಆತನ ಕಾಲದಲ್ಲಿ ಈಗಿನ ಪೇಟಿ ಇರಲೂ ಇಲ್ಲ. ಒಂದು ದೊಡ್ಡ ಕೃತಿಯನ್ನು ಎರಡು ವಾದ್ಯ, ಒಂದು ಕಂಠ, ಒಂದು ಮಾತುಗಾರಿಕೆ ಇಷ್ಟರಲ್ಲಿಯೇ ಅಳವಡಿಸಬೇಕಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾವ ಕೆಲಸವನ್ನು ಯಾರಿಗೆ ವಹಿಸಬೇಕು ಎಂಬ ನಿರ್ಣಯಗಳು ಅನಿವಾರ್ಯ. ಈ ನಿರ್ಣಯಗಳ ಸಮೂಹವೇ ಸಂಗೀತದಲ್ಲಿ ಅಳವಡಿಕೆಯ ಕಲೆ. ಅದರ ಒಳಮರ್ಮವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಮಠದ ಅಂಗಳದಲ್ಲಿಯೇ ಅದರ ಪಾಠವಿದೆ.

ಛಂದಸ್ಸಿನಲ್ಲಿ ಅಡಗಿದ ತಾಳ

ಪುರಾಣ ಪ್ರವಚನಕ್ಕೆ ಆರಿಸಿಕೊಳ್ಳುವ ಹಳೆಯ ಕಾವ್ಯಗಳಲ್ಲಿ ಹೆಚ್ಚಿನವು ಷಟ್ಪದಿಗಳು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನ ‘ಪ್ರಭುಲಿಂಗಲೀಲೆ’ ೨೫ ಗತಿಗಳ, ೧,೧೧೧ ಪದ್ಯಗಳ ಕಾವ್ಯ. ಅದರ ಛಂದಸ್ಸು ಭಾಮಿನೀ ಷಟ್ಪದಿ. ಗದುಗಿನ ನಾರಣಪ್ಪನೆಂದು ಪ್ರಸಿದ್ಧನಾದ ಕುಮಾರವ್ಯಾಸನ ಭಾರತವೂ ಅದೇ ಛಂದಸ್ಸಿನದು. ಹಂಪೆಯ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ ವಾರ್ಧಕ ಷಟ್ಪದಿಯಲ್ಲಿದೆ.

ಭಾಮಿನಿಯ ಲಕ್ಷಣವನ್ನು ಶಾಲೆಯಲ್ಲಿ ಎಲ್ಲರೂ ಕಂಠಪಾಠ ಮಾಡಿದವರೇ. ಮೂರು ಮಾತ್ರೆಯ ಗಣ, ಅದರ ಬಳಿಕ ನಾಲ್ಕು ಮಾತ್ರೆಯ ಗಣ. ಇದೇ ಕ್ರಮ ಮರುಕಳಿಸುತ್ತ ಹೋಗುತ್ತದೆ. ೧, ೨, ೪ ಮತ್ತು ೫ನೆಯ ಸಾಲುಗಳಲ್ಲಿ ೧೪ ಮಾತ್ರೆಗಳು. ೩ ಮತ್ತು ೬ನೆಯ ಸಾಲುಗಳಲ್ಲಿ ೨೧ ಮಾತ್ರೆಗಳು ಹಾಗೂ ಕೊನೆಯಲ್ಲಿ ಎರಡು ಮಾತ್ರೆಯ ಒಂದು ಗುರು, ಒಟ್ಟು ೨೩. ಪರೀಕ್ಷೆಯಲ್ಲಿ ಪ್ರಸ್ತಾರ ಹಾಕಿ ಅಂಕ ಪಡೆದ ಮೇಲೆ ಈ ಲೆಕ್ಕ ಬಹುಮಂದಿಗೆ ಮರೆತುಹೋಗುತ್ತದೆ. ಆದರೆ ಗವಾಯಿಗಳಿಗೆ ಅದು ಜೀವಾಳ.

ಹಿಂದೂಸ್ತಾನಿ ಪದ್ಧತಿಯ ರೂಪಕ ತಾಳದಲ್ಲಿ ಏಳು ಮಾತ್ರೆಗಳಿವೆ. ಅವುಗಳ ವಿಭಾಗ ಮೂರು, ಎರಡು, ಎರಡು. ‘ತೀ ತೀ ನಾ, ಧೀ ನಾ, ಧೀ ನಾ’ ಎಂಬುದು ಅದರ ಠೇಕಾ. ಮೂರರ ಬಳಿಕ ನಾಲ್ಕು ಎಂಬ ಭಾಮಿನಿಯ ನಡೆ ಈ ಠೇಕಾದೊಳಗೆ ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂಡುತ್ತದೆ. ಹದಿನಾಲ್ಕು ಮಾತ್ರೆಯ ಸಾಲು ಎರಡು ಆವರ್ತನಗಳಲ್ಲಿ ಸರಿಯಾಗಿ ಮುಗಿಯುತ್ತದೆ. ಮೂರನೆಯ ಸಾಲು ಮೂರು ಆವರ್ತನಗಳನ್ನು ತುಂಬಿ, ಅದರ ಕೊನೆಯ ಗುರು ನಾಲ್ಕನೆಯ ಆವರ್ತನದ ಆರಂಭಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಐದು ಮಾತ್ರೆಗಳು ಬರಿದಾಗಿ ಉಳಿಯುತ್ತವೆ. ಕಾವ್ಯ ಮೌನವಾದ ಈ ಐದು ಮಾತ್ರೆಗಳೇ ಪೇಟಿಗೆ ದೊರೆಯುವ ಅವಕಾಶ. ಅರ್ಧಪದ್ಯಕ್ಕೆ ಎಂಟು ಆವರ್ತನ, ಪೂರ್ಣಪದ್ಯಕ್ಕೆ ಹದಿನಾರು. ೧೧೨ ಮಾತ್ರೆಗಳಲ್ಲಿ ೧೦೨ ಕವಿಯವು. ೧೦ ಮಾತ್ರ ವಾದ್ಯದವು.

ವಾರ್ಧಕದ ಲೆಕ್ಕವೂ ಇಷ್ಟೇ ಸೊಗಸಾದುದು. ಅಲ್ಲಿ ಐದು ಮಾತ್ರೆಯ ಗಣಗಳು. ಚಿಕ್ಕ ಸಾಲಿಗೆ ೨೦ ಮಾತ್ರೆ, ದೊಡ್ಡ ಸಾಲಿಗೆ ೩೦ ಮತ್ತು ಒಂದು ಗುರು. ಹತ್ತು ಮಾತ್ರೆಯ ಝಪತಾಳದಲ್ಲಿ ಎರಡು, ಮೂರು, ಎರಡು, ಮೂರು ಎಂಬ ವಿಭಾಗವಿರುವುದರಿಂದ ಒಂದೊಂದು ಆವರ್ತನದಲ್ಲಿ ಎರಡೆರಡು ಗಣಗಳು ಕೂಡುತ್ತವೆ. ಇಲ್ಲಿಯೂ ಪೂರ್ಣಪದ್ಯಕ್ಕೆ ಹದಿನಾರು ಆವರ್ತನಗಳೇ.

ಈ ಹೊಂದಿಕೆಯಿಂದ ಇನ್ನೊಂದು ಪ್ರಯೋಜನವೂ ಇದೆ. ಷಟ್ಪದಿಯ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿರುತ್ತದೆ. ಪ್ರತಿ ಸಾಲು ಸಮದ ಮೇಲೆಯೇ ಆರಂಭವಾದಾಗ ಆ ಪ್ರಾಸಾಕ್ಷರ ಸಮಕ್ಕೆ ಅಂಟಿಕೊಂಡೇ ಬರುತ್ತದೆ. ಕೇಳುವವನ ಕಿವಿ ಆರು ಸಲ ಅದೇ ಧ್ವನಿಯನ್ನು ಆ ಸ್ಥಳದಲ್ಲಿ ಹಿಡಿಯುತ್ತದೆ. ಅಕ್ಷರಜ್ಞಾನವಿಲ್ಲದ ಹಿರಿಯರೂ ಎಷ್ಟೋ ಪದ್ಯಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದಕ್ಕೆ ಪ್ರಾಸ ಮತ್ತು ತಾಳಗಳ ಈ ಮೈತ್ರಿ ಒಂದು ಆಧಾರ.

ಹೀಗೆಂದು ಲೆಕ್ಕವನ್ನೇ ನಂಬಿ ಕೂಡುವಂತಿಲ್ಲ. ಷಟ್ಪದಿಯಲ್ಲಿ ಪದವು ಸಾಲಿನ ಅಂಚನ್ನು ದಾಟಿ ಮುಂದಿನ ಸಾಲಿಗೆ ಹರಿಯುವುದುಂಟು. ಅಂಥಲ್ಲಿ ನಡುವೆ ವಾದ್ಯ ನುಡಿದರೆ ಪದ ಎರಡು ತುಂಡಾಗಿ ಅರ್ಥ ಕೆಡುತ್ತದೆ. ಮೈಸೂರು ಸೀಮೆಯ ಗಮಕಿಗಳು ತಾಳವಾದ್ಯವಿಲ್ಲದೆ ಕಾವ್ಯವನ್ನು ವಾಚಿಸುವುದರ ಹಿಂದೆ ಈ ಎಚ್ಚರಿಕೆಯೂ ಇದೆ. ಅಲ್ಲಿ ರಾಗ ಉಂಟು, ತಾಳದ ಬಂಧನವಿಲ್ಲ. ಪದವಿಭಾಗ ಅರ್ಥವನ್ನು ಅನುಸರಿಸುತ್ತದೆ. ಉತ್ತರ ಕರ್ನಾಟಕದ ಗವಾಯಿಗಳು ತಬಲಾದ ನಡೆಯನ್ನು ಕೂಡಿಸಿಕೊಂಡರು. ಅದರಿಂದ ಜನಸಮೂಹವನ್ನು ಹಿಡಿದಿಡುವ ಶಕ್ತಿ ಬಂದಿತು, ಜೊತೆಗೆ ಜವಾಬ್ದಾರಿಯೂ ಹೆಚ್ಚಿತು. ಬಲ್ಲ ಗವಾಯಿಗಳು ಪದ ಮುಂದಕ್ಕೆ ಹರಿಯುವಲ್ಲಿ ಪೇಟಿಯನ್ನು ಸುಮ್ಮನಿರಿಸಿ, ಕಂಠವನ್ನೇ ಎಳೆದು ಮುಂದಿನ ಸಾಲಿಗೆ ದಾಟಿಸುತ್ತಾರೆ.

ಆಯ್ಕೆಯೆಂಬ ಮೊದಲ ಕೆಲಸ

ಪ್ರಭುಲಿಂಗಲೀಲೆಯ ೧,೧೧೧ ಪದ್ಯಗಳನ್ನು ೩೦ ರಾತ್ರಿಗಳಿಗೆ ಹಂಚಿದರೆ ದಿನಕ್ಕೆ ಸುಮಾರು ೩೭ ಪದ್ಯಗಳು ಬರುತ್ತವೆ. ಹಾಡು, ಅರ್ಥ ಸೇರಿ ಒಂದಕ್ಕೆ ಐದು ನಿಮಿಷವೆಂದರೂ ಮೂರು ತಾಸು ಮೀರುತ್ತದೆ. ಬೆಳಗಾದರೆ ಗಳೆ ಹೂಡಬೇಕಾದ ಜನರಿಂದ ಅಷ್ಟು ಹೊತ್ತನ್ನು ಕೇಳುವುದು ನ್ಯಾಯವಲ್ಲ. ಆದ್ದರಿಂದ ಆಯ್ಕೆ ಅನಿವಾರ್ಯ. ಹತ್ತು ಹನ್ನೆರಡು ಪದ್ಯಗಳನ್ನು ಹಾಡಿ, ಉಳಿದ ಕಥೆಯನ್ನು ಪ್ರವಚನಕಾರರು ಮಾತಿನಲ್ಲಿ ಹೊಲಿದುಕೊಂಡು ಹೋಗುತ್ತಾರೆ.

ಯಾವ ಪದ್ಯಗಳನ್ನು ಹಾಡಬೇಕು? ಕಥೆಯನ್ನು ಮುಂದೂಡುವ ಪದ್ಯವನ್ನು ಮಾತಿನಲ್ಲಿ ಹೇಳಿದರೂ ನಷ್ಟ ಕಡಿಮೆ. ಭಾವ ನಿಂತು ಮಡುಗಟ್ಟುವ ಪದ್ಯವನ್ನು, ಸಂವಾದದಲ್ಲಿ ತಿರುವು ಬರುವ ಪದ್ಯವನ್ನು ಮಾತಿಗೆ ಇಳಿಸಿದರೆ ಕಾವ್ಯವೇ ಹೋಗುತ್ತದೆ. ಅಲ್ಲಮಪ್ರಭುವೂ ಗೊಗ್ಗಯ್ಯನೂ ಎದುರಾಗುವ ಸಂದರ್ಭದಲ್ಲಿ ತೋಟದ ವಿವರವನ್ನು ಪ್ರವಚನಕಾರರು ಹೇಳಬಹುದು. ಮಣ್ಣಿನ ತೋಟದಿಂದ ಮನಸ್ಸಿನ ತೋಟಕ್ಕೆ ಮಾತು ಹೊರಳುವಲ್ಲಿ ಕವಿಯ ನುಡಿಯೇ ಕೇಳಬೇಕು. ಈ ವಿವೇಕವಿಲ್ಲದೆ ರಾಗಕ್ಕೆ ಸುಲಭವಾದ ಪದ್ಯಗಳನ್ನಷ್ಟೇ ಆರಿಸಿದರೆ ಕಚೇರಿ ಚೆನ್ನಾಗಿ ಆದೀತು, ಪುರಾಣ ಆಗದು.

ಒಂದು ರೂಪದ ಕೃತಿಯನ್ನು ಇನ್ನೊಂದು ರೂಪಕ್ಕೆ ತರುವುದು ಈ ಪರಂಪರೆಗೆ ಹೊಸದೇನೂ ಅಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನ ದ್ವಿಪದಿಯಲ್ಲಿ ರಚಿಸಿದ ಬಸವಪುರಾಣವನ್ನು ಭೀಮಕವಿ ೧೩೬೯ರಲ್ಲಿ ಕನ್ನಡ ಷಟ್ಪದಿಗೆ ತಂದನು. ಎರಡೆರಡು ಸಾಲಿನ ನಡಿಗೆಯಲ್ಲಿದ್ದ ಕಥೆ ಆರು ಸಾಲಿನ ಮಂಟಪಗಳಲ್ಲಿ ನೆಲೆಸಿತು. ಶರಣರ ಚರಿತ್ರೆ ಉಳಿಯಿತು. ಅದನ್ನು ಹೊರುವ ಪಾತ್ರೆ ಬದಲಾಯಿತು.

ವಚನಕ್ಕೆ ಪಲ್ಲವಿ ಯಾವುದು?

ಷಟ್ಪದಿಗಿಂತ ವಚನದ ಅಳವಡಿಕೆ ಕಠಿನವಾದುದು. ವಚನದಲ್ಲಿ ಮಾತ್ರೆಗಳ ನಿಯಮವಿಲ್ಲ; ಒಂದು ಸಾಲು ಗಿಡ್ಡ, ಮತ್ತೊಂದು ಉದ್ದ. ತಾನು ತಾಳಮಾನಗಳನ್ನು ಅರಿತವನಲ್ಲವೆಂದು ಬಸವಣ್ಣನವರೇ ಒಂದು ವಚನದಲ್ಲಿ ವಿನಯದಿಂದ ಹೇಳಿಕೊಂಡಿದ್ದಾರೆ. ಅವರೇ ಇನ್ನೊಂದು ವಚನದಲ್ಲಿ ತಮ್ಮ ದೇಹವನ್ನೇ ವೀಣೆಯನ್ನಾಗಿ ಮಾಡಿ ನುಡಿಸೆಂದು ಕೂಡಲಸಂಗಮನಾಥನನ್ನು ಬೇಡಿಕೊಂಡಿದ್ದಾರೆ. ಸಂಗೀತಕ್ಕೆ ಹತ್ತಿರವಾಗಿದ್ದೂ ಅದರ ಕಟ್ಟಿಗೆ ಸಿಲುಕದ ವಚನದ ಸ್ವಭಾವ ಈ ಎರಡು ವಚನಗಳಲ್ಲಿಯೇ ವ್ಯಕ್ತವಾಗಿದೆ.

ಫ. ಗು. ಹಳಕಟ್ಟಿಯವರು ಓಲೆಗರಿಗಳಿಂದ ವಚನಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ವಚನಗಳು ಮನೆಮನೆಗೆ ತಲುಪುವ ಹಾದಿ ತೆರೆಯಿತು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಮುಂತಾದ ಗಾಯಕರು ಅವುಗಳಿಗೆ ಹಿಂದೂಸ್ತಾನಿ ರಾಗಗಳ ಉಡುಗೆ ತೊಡಿಸಿ ಹಾಡಿದರು. ಖ್ಯಾಲಿನಲ್ಲಿ ನುಡಿ ಕಡಿಮೆ, ವಿಸ್ತಾರ ಹೆಚ್ಚು. ವಚನದಲ್ಲಿ ನುಡಿಯೇ ಸರ್ವಸ್ವ. ಆದ್ದರಿಂದ ತಾನುಗಳ ವೈಭವವನ್ನು ಹಿಡಿದಿಟ್ಟು, ನುಡಿಯ ಸುತ್ತ ರಾಗವನ್ನು ಹೆಣೆಯಬೇಕಾಯಿತು.

ವಚನವನ್ನು ಮೇಳಕ್ಕೆ ಕೂಡಿಸುವಾಗ ಏಳುವ ಮೊದಲ ಪ್ರಶ್ನೆ, ಮರಳಿ ಮರಳಿ ಬರಬೇಕಾದ ಪಲ್ಲವಿ ಯಾವುದು ಎಂಬುದು. ರೂಢಿಯಂತೆ ಮೊದಲ ಸಾಲನ್ನೇ ಹಿಡಿಯುವುದು ಸುಲಭ. ಆದರೆ ಅದು ಎಲ್ಲ ಕಡೆಗೂ ಸರಿಹೋಗದು. ಸಿರಿವಂತರು ಗುಡಿ ಕಟ್ಟಿಸುವ ಮಾತಿನಿಂದ ಆರಂಭವಾಗಿ, ಬಡವನ ದೇಹವೇ ದೇಗುಲವೆಂದು ಸಾರಿ, ಸ್ಥಾವರ ಜಂಗಮಗಳ ನಿರ್ಣಯದಲ್ಲಿ ಮುಗಿಯುವ ಬಸವಣ್ಣನವರ ಪ್ರಸಿದ್ಧ ವಚನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಆರಂಭದ ಮಾತೊಂದನ್ನೇ ಪಲ್ಲವಿಯಾಗಿ ಹತ್ತು ಸಲ ಹಾಡಿದರೆ ಕೇಳುವವರಿಗೆ ಅದು ಗುಡಿ ಕಟ್ಟಿಸಿದವರ ಹೊಗಳಿಕೆಯಂತೆ ಭಾಸವಾಗುತ್ತದೆ. ವಚನಕಾರರು ಏರಿದ ಮೆಟ್ಟಿಲುಗಳನ್ನು ಹಾಡುಗಾರನು ಇಳಿದಂತಾಗುತ್ತದೆ. ಮೊದಲ ಮಾತನ್ನು ಒಂದೆರಡು ಸಲ ಹಾಡಿ, ಮುಂದುವರಿದು, ಕೊನೆಯ ನಿರ್ಣಯವನ್ನು ಪಲ್ಲವಿಯಾಗಿ ನಿಲ್ಲಿಸಿದಾಗ ಮಾತ್ರ ವಚನದ ಅಭಿಪ್ರಾಯಕ್ಕೆ ನ್ಯಾಯ ದೊರೆಯುತ್ತದೆ.

ಎರಡನೆಯ ಪ್ರಶ್ನೆ ತಾಳದ್ದು. ಸಾಲುಗಳು ಅಸಮವಾಗಿರುವುದರಿಂದ ಎಂಟು ಮಾತ್ರೆಯ ಕೆಹರವಾ, ಆರು ಮಾತ್ರೆಯ ದಾದರಾ ಮುಂತಾದ ಸರಳ ತಾಳಗಳು ಅನುಕೂಲ. ಉದ್ದ ಸಾಲನ್ನು ತುಸು ಒತ್ತರಿಸಿ, ಗಿಡ್ಡ ಸಾಲನ್ನು ತುಸು ಎಳೆದು ಹೊಂದಿಸಬಹುದು. ತಾಳಕ್ಕೆ ಒಗ್ಗದ ಸಾಲನ್ನು ಆಲಾಪದ ರೀತಿಯಲ್ಲಿ ಬಿಡಿಯಾಗಿ ಹಾಡಿ, ಪಲ್ಲವಿಗೆ ಮಾತ್ರ ತಬಲಾ ಎತ್ತಿಕೊಳ್ಳುವುದೂ ಒಂದು ಮಾರ್ಗ. ಮೂರನೆಯದು ಅಂಕಿತ. ಅಂಕಿತ ಬರುವಾಗ ಪೇಟಿಯೂ ತಬಲಾವೂ ತಗ್ಗಬೇಕು. ಯಾರ ವಚನವೆಂಬುದು ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಕೇಳಬೇಕು.

ಗದುಗಿನ ಪರಂಪರೆ

ಈ ಸೀಮೆಯ ಪುರಾಣ ವೇದಿಕೆಗಳಿಗೆ ಗವಾಯಿಗಳನ್ನೂ ತಬಲಾ ಸಾಥಿದಾರರನ್ನೂ ಒದಗಿಸಿಕೊಟ್ಟ ಸಂಸ್ಥೆಗಳಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಅಗ್ರಗಣ್ಯ. ೧೮೯೨ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಾರಂಗತರಾಗಿ ‘ಉಭಯ ಗಾಯನಾಚಾರ್ಯ’ರೆನಿಸಿದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು. ೧೯೧೪ರಲ್ಲಿ ಜನಿಸಿ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು ಗಾಯನದ ಜೊತೆಗೆ ಪೇಟಿ, ಸಾರಂಗಿ, ಪಿಟೀಲು, ತಬಲಾ ಮುಂತಾದ ವಾದ್ಯಗಳಲ್ಲಿ ಪರಿಣತಿ ಪಡೆದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. ೨೦೧೦ರಲ್ಲಿ ಪದ್ಮಭೂಷಣ ಗೌರವ ಸಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು.

ಆಶ್ರಮದಲ್ಲಿ ಕಲಿತವರಲ್ಲಿ ಅಂಧ ಬಾಲಕರು, ಬಡವರ ಮಕ್ಕಳು ಬಹುಸಂಖ್ಯೆಯಲ್ಲಿದ್ದರು. ಅವರಿಗೆ ವಿದ್ಯೆ ಅನ್ನದ ದಾರಿಯೂ ಆಗಬೇಕಾಗಿತ್ತು. ಊರಿಂದೂರಿಗೆ ಬಸ್ಸಿನಲ್ಲಿ ಒಯ್ಯಬಹುದಾದ ಪೇಟಿ ಮತ್ತು ತಬಲಾ, ಕಂಠಸ್ಥವಾದ ಪದ್ಯಗಳು, ಹಾಡುವವನೂ ಸಾಥಿದಾರನೂ ಒಬ್ಬರ ಉಸಿರನ್ನೊಬ್ಬರು ಅರಿತ ಅಭ್ಯಾಸ ಇಷ್ಟೇ ಬಂಡವಾಳ. ಮೇಳ ಚಿಕ್ಕದಾಗಿದ್ದುದರಿಂದಲೇ ಅದು ಬೇವೂರಿನಂಥ ಊರುಗಳಿಗೂ ತಲುಪಲು ಸಾಧ್ಯವಾಯಿತು. ಇಪ್ಪತ್ತು ಜನರ ವಾದ್ಯವೃಂದವನ್ನು ತಿಂಗಳುಗಟ್ಟಲೆ ಸಾಕುವ ಶಕ್ತಿ ಯಾವ ಹಳ್ಳಿಯ ಮಠಕ್ಕೂ ಇರಲಿಲ್ಲ.

ಪೇಟಿಯ ಎರಡು ಊರುಗಳು

ಪೇಟಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ರೂಪುಗೊಂಡು ಭಾರತಕ್ಕೆ ಬಂದ ವಾದ್ಯ. ಅಲ್ಲಿ ಕಾಲಿನಿಂದ ಗಾಳಿ ಒತ್ತುತ್ತಿದ್ದರು. ಇಲ್ಲಿ ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕುವ ರೂಪ ಬಳಕೆಗೆ ಬಂದಿತು. ಅದರ ಸ್ವರಗಳು ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ ಅದರಲ್ಲಿ ಹುಟ್ಟದು. ಈ ಕೊರತೆಯ ಕಾರಣದಿಂದಲೇ ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಅದನ್ನು ನಿಷೇಧಿಸಿತ್ತು. ಆದರೂ ಮಠ, ನಾಟಕ ಕಂಪನಿ, ಭಜನಾ ಮೇಳಗಳಲ್ಲಿ ಅದರ ಸ್ಥಾನ ಕದಲಲಿಲ್ಲ. ಶ್ರುತಿ ಹಿಡಿಯುವುದು, ಹಾಡನ್ನು ಅನುಸರಿಸುವುದು, ಬಿಡುವನ್ನು ತುಂಬುವುದು ಈ ಮೂರು ಕೆಲಸಗಳನ್ನು ಅದೊಂದೇ ಮಾಡಬಲ್ಲುದು.

ಕುತೂಹಲದ ಸಂಗತಿಯೆಂದರೆ, ಇದೇ ವಾದ್ಯ ಯುರೋಪಿನಲ್ಲಿಯೂ ಇಂಥದೇ ಸಂಕಟದಲ್ಲಿ ನೆರವಿಗೆ ಬಂದಿತು. ಮೊದಲನೆಯ ಮಹಾಯುದ್ಧ ಮುಗಿದ ೧೯೧೮ರಲ್ಲಿ ವಿಯೆನ್ನಾ ನಗರ ಬಡತನದಲ್ಲಿತ್ತು. ಅಲ್ಲಿ ಆರ್ನಾಲ್ಡ್ ಶೋನ್‌ಬರ್ಗ್ ಎಂಬ ಸಂಗೀತಕಾರನು ಹೊಸ ಸಂಗೀತವನ್ನು ಶ್ರದ್ಧೆಯಿಂದ ಕೇಳಬಯಸುವವರಿಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ದೊಡ್ಡ ವಾದ್ಯವೃಂದಕ್ಕೆ ಸಂಬಳ ಕೊಡುವ ಶಕ್ತಿ ಸಂಘಕ್ಕಿರಲಿಲ್ಲ. ಆದ್ದರಿಂದ ದೊಡ್ಡ ಕೃತಿಗಳನ್ನು ಕೆಲವೇ ವಾದಕರಿಗೆ ಅಳವಡಿಸಿದರು. ಫ್ರೆಂಚ್ ಸಂಗೀತಕಾರ ದೆಬ್ಯುಸಿಯ ಒಂದು ವಾದ್ಯವೃಂದ ಕೃತಿಯನ್ನು ೧೯೨೦ರಲ್ಲಿ ಬೆನ್ನೊ ಸಾಕ್ಸ್ ಎಂಬುವನು ಹೀಗೆ ಅಳವಡಿಸಿದಾಗ ಕೆಲವು ತಂತಿವಾದ್ಯ, ಊದುವಾದ್ಯಗಳ ಜೊತೆಗೆ ಪಿಯಾನೊ ಮತ್ತು ಹಾರ್ಮೋನಿಯಂ ಇದ್ದವು. ಇಲ್ಲದ ಊದುವಾದ್ಯಗಳ ದೀರ್ಘಸ್ವರಗಳನ್ನು ಹಿಡಿದು ನಿಲ್ಲಿಸುವ ಹೊಣೆ ಹಾರ್ಮೋನಿಯಮ್ಮಿನದು.

ಅದಕ್ಕೂ ಮೊದಲು, ಧ್ವನಿಮುದ್ರಣವಿಲ್ಲದ ಕಾಲದಲ್ಲಿ, ಹೈಡನ್ ಲಂಡನ್ನಿನ ಸಭೆಗಳಿಗಾಗಿ ರಚಿಸಿದ ೧೨ ಸಿಂಫನಿಗಳನ್ನು ಸಾಲೊಮನ್ ಎಂಬ ಪಿಟೀಲುವಾದಕ ಕೊಳಲು, ನಾಲ್ಕು ತಂತಿವಾದ್ಯ ಮತ್ತು ಪಿಯಾನೊಗಳಿಗೆ ಇಳಿಸಿದ್ದನು. ಸಭಾಭವನಕ್ಕೆ ಹೋಗಲಾರದವರು ಮನೆಯಲ್ಲಿಯೇ ಆ ಕೃತಿಗಳನ್ನು ನುಡಿಸಿ ಅರಿತರು. ಮಠದ ಅಂಗಳಕ್ಕೂ ವಿಯೆನ್ನಾದ ಸಭೆಗೂ ಸಂಗೀತದ ರೀತಿಯಲ್ಲಿ ಸಾಮ್ಯವಿಲ್ಲ, ಸಮಸ್ಯೆಯಲ್ಲಿ ಸಾಮ್ಯವಿದೆ. ಎರಡೂ ಕಡೆ ಕೊರತೆಯೇ ವಿವೇಕವನ್ನು ಕಲಿಸಿತು. ಇಪ್ಪತ್ತು ವಾದ್ಯಗಳಿರುವಲ್ಲಿ ಒಂದು ಸೋಮಾರಿಯಾದರೂ ನಡೆದೀತು. ಮೂರೇ ಇರುವಲ್ಲಿ ಪ್ರತಿಯೊಂದಕ್ಕೂ ತಪ್ಪಿಸಿಕೊಳ್ಳಲಾಗದ ಕೆಲಸವಿರುತ್ತದೆ.

ಶಾಲೆಗೆ ಒಪ್ಪುವ ಮೇಳ

ಇಂದು ಗುಂಡಿಯೊತ್ತಿದರೆ ತಾನೇ ತಾಳ ಹಾಕುವ ವಾದ್ಯಗಳು ಹಳ್ಳಿಗೂ ಬಂದಿವೆ. ಅವು ನೂರು ವಾದ್ಯಗಳ ಸದ್ದು ಮಾಡಬಲ್ಲವು. ಪದ ಸಾಲಿನಂಚನ್ನು ದಾಟುವಲ್ಲಿ ಸುಮ್ಮನಿರುವುದನ್ನು ಮಾತ್ರ ಅರಿಯವು. ಚಿತ್ರಗೀತೆಯ ಧಾಟಿಗೆ ವಚನವನ್ನು ತುರುಕಿ, ಸಿದ್ಧ ಧ್ವನಿಮುದ್ರಣದ ಜೊತೆ ಮಕ್ಕಳಿಂದ ಹಾಡಿಸುವ ಪದ್ಧತಿ ವಾರ್ಷಿಕೋತ್ಸವಗಳಲ್ಲಿ ಹಬ್ಬುತ್ತಿದೆ. ಚಪ್ಪಾಳೆ ಬರುತ್ತದೆ, ಆದರೆ ಮಗು ಆ ವಚನದಲ್ಲಿ ಒಂದನ್ನಾದರೂ ತಾನೇ ನಿರ್ಣಯಿಸಿರುವುದಿಲ್ಲ.

ಇದಕ್ಕೆ ಪ್ರತಿಯಾಗಿ ಐದು ಮಕ್ಕಳ ಮೇಳವನ್ನು ಯಾವ ಶಾಲೆಯಾದರೂ ಕಟ್ಟಬಹುದು. ಮೊದಲು ಒಂದು ಭಾಮಿನೀ ಪದ್ಯವನ್ನು ಕನ್ನಡದ ಗುರುಗಳು ತರಗತಿಯಲ್ಲಿ ಬಿಡಿಸಲಿ; ಮಕ್ಕಳು ಮೂರಕ್ಕೊಂದು, ನಾಲ್ಕಕ್ಕೊಂದು ಚಪ್ಪಾಳೆ ಹಾಕುತ್ತ ಓದಲಿ. ಪದ ಎಲ್ಲಿ ಸಾಲು ದಾಟುತ್ತದೆಂಬುದನ್ನು ಅವರೇ ಗುರುತಿಸಲಿ. ಆ ಬಳಿಕ ಒಬ್ಬನು ಹಾಡಲಿ; ಒಬ್ಬನು ಪೇಟಿಯಲ್ಲಿ ಶ್ರುತಿ ಹಿಡಿದು ಬಿಡುವಿನಲ್ಲಿ ಮಾತ್ರ ನುಡಿಸಲಿ; ಒಬ್ಬಳು ತಬಲಾದಲ್ಲಿ ರೂಪಕದ ಠೇಕಾ ಹಿಡಿಯಲಿ; ಒಬ್ಬಳು ಪಿಟೀಲು ಇಲ್ಲವೆ ಕೊಳಲಿನಲ್ಲಿ ಪೇಟಿಗೆ ಬಾರದ ಮೀಂಡವನ್ನು ತುಂಬಲಿ. ಐದನೆಯ ಮಗು ಪದ್ಯದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಲಿ. ರಾತ್ರಿಯ ಕಾರ್ಯಕ್ರಮವಾದರೆ ಭೂಪ, ದುರ್ಗಾದಂಥ ಐದು ಸ್ವರದ ರಾಗಗಳು ಎಳೆಯ ಕಂಠಗಳಿಗೆ ಸುಲಭ. ಛಂದಸ್ಸು, ಗಣಿತ, ಅರ್ಥವಿವರಣೆ, ಸಂಗೀತ ನಾಲ್ಕೂ ಒಂದೇ ಪದ್ಯದಲ್ಲಿ ಕೂಡಿಬರುವ ಇಂಥ ಪಾಠ ಬೇರೆಡೆ ದುರ್ಲಭ.

ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ. ಒಂದು ಪೇಟಿ, ಒಂದು ಜೊತೆ ತಬಲಾ, ಒಂದು ಪಿಟೀಲು ದಾನಿಗಳಿಗೆ ಭಾರವಾಗುವ ವಸ್ತುಗಳಲ್ಲ. ಆದರೆ ಕಲಿಸುವವರಿಲ್ಲದಿದ್ದರೆ ಅವೆಲ್ಲ ಕೋಣೆಯ ಮೂಲೆಯಲ್ಲಿ ಧೂಳು ಹಿಡಿಯುತ್ತವೆ. ವಾದ್ಯದ ಮೇಲೆ ದಾನಿಗಳ ಹೆಸರನ್ನು ಬರೆಯಿಸಬಹುದು. ಗುರುವಿನ ಸಂಬಳದ ಮೇಲೆ ಬರೆಯಿಸಲಾಗದು. ಸ್ಥಾವರ ಜಂಗಮಗಳ ವಚನವನ್ನು ಮಕ್ಕಳಿಂದ ಹಾಡಿಸಬಯಸುವ ಸಂಸ್ಥೆಗೆ ಇವೆರಡರಲ್ಲಿ ಮೊದಲು ಯಾವುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಒಬ್ಬ ಗುರುವಿದ್ದ ಶಾಲೆಯ ಮಕ್ಕಳು ನಾಳಿನ ಶ್ರಾವಣದಲ್ಲಿ ಮಠದ ಜಮಖಾನೆಯ ಮೇಲೆ ಬಂದು ಕುಳಿತಾರು. ಆಗ ಚಾಮರಸನ ಕಾವ್ಯ ಮತ್ತೊಂದು ತಲೆಮಾರಿಗೆ ದಾಟಿದಂತಾಗುತ್ತದೆ.